ಮುತ್ತಜ್ಜಿಯ ತವರನ್ನು ಹುಡುಕಿಕೊಟ್ಟವರಿಗೆ

ಡಬ್ಲಿನ್‌ನಲ್ಲಿ ನೆಲೆಸಿರುವ ಕನ್ನಡಿಗ ಎಂದಷ್ಟೇ ಹೇಳಿಕೊಂಡ ಹಿರಿಯರೇ, ನಿಮಗೆ ನಮ್ಮ ಮನೆಯವರೆಲ್ಲರ ವಂದನೆಗಳು.

ನನ್ನ ಪತಿಯ ಮುತ್ತಜ್ಜ ಐರ್ಲೆಂಡಿನ ಕಾರ್ಕ್‌ನಿಂದ ಅಮೆರಿಕದ ಆರೆಗನ್ ರಾಜ್ಯದ ಲೇಕ್‌ವ್ಯೂ ಸೀಮೆಗೆ ಬಂದು ಕುರಿ ಸಾಕಿದವರು. ಅಲ್ಲಿನ ಅನೇಕ ಐರಿಷ್ ಕುರಿಗಾಹಿಗಳಂತೆ ಸಂಬಳದ ಬದಲು ಕುರಿಗಳನ್ನೇ ಪಡೆದು ಸ್ವಂತ ಹಿಂಡು ಕಟ್ಟಿದರು. ಸರ್ಕಾರಿ ಬಯಲಿನಲ್ಲಿ ಮನಬಂದಂತೆ ಮೇಯಿಸುವ ಆ ಬದುಕಿಗೆ 1934ರ ಟೇಲರ್ ಕಾಯ್ದೆ ಕಡಿವಾಣ ಹಾಕಿತು. ಇದೆಲ್ಲ ಮನೆಮಂದಿಗೆ ಬಾಯಿಪಾಠ.

ಮುತ್ತಜ್ಜಿಯ ಬಗ್ಗೆ ಮಾತ್ರ ಸುಳಿವೇ ಇರಲಿಲ್ಲ. 1922ರವರೆಗೆ ಅಮೆರಿಕದಲ್ಲಿ ಗಂಡನಿಗೆ ಪೌರತ್ವ ಸಿಕ್ಕರೆ ಹೆಂಡತಿಗೂ ತಾನಾಗಿಯೇ ಸಿಗುತ್ತಿತ್ತು. ಹಾಗಾಗಿ ಅವರ ಹೆಸರಿನಲ್ಲಿ ಒಂದು ಅರ್ಜಿಯೂ ಇಲ್ಲ. ಇತ್ತ ಐರ್ಲೆಂಡಿನಲ್ಲಿ ಹುಡುಕೋಣವೆಂದರೆ, ಅದೇ ವರ್ಷ ಡಬ್ಲಿನ್‌ನ ದಾಖಲೆ ಭಂಡಾರ ಅಲ್ಲಿನ ಅಂತರ್ಯುದ್ಧದ ಬೆಂಕಿಗೆ ಆಹುತಿಯಾಗಿತ್ತು. ನಾವು ಕೈಚೆಲ್ಲಿ ಕುಳಿತಿದ್ದೆವು.

ಎಲ್ಲವೂ ಸುಟ್ಟಿಲ್ಲ ಎಂದವರು ನೀವು. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳು ಉಳಿದಿವೆ, ತಾಯಿಯ ತವರಿನ ಮನೆತನದ ಹೆಸರೂ ಅವುಗಳಲ್ಲಿ ಇರುತ್ತದೆ ಎಂದು ತಿಳಿಸಿ, ಮಸಿ ಹರಡಿದ ಪುಟವನ್ನು ಅಕ್ಷರ ಅಕ್ಷರ ಬಿಡಿಸಿ ಓದಿಕೊಟ್ಟಿರಿ. ಆ ಜಾಡು ಹಿಡಿದು ಐರ್ಲೆಂಡಿನ 1901ರ ಜನಗಣತಿಯಲ್ಲಿ ಅವರ ಮನೆಯೂ ಸಿಕ್ಕಿತು. ಭಾಷೆಯ ಕಾಲಂನಲ್ಲಿ ಐರಿಷ್ ಮತ್ತು ಇಂಗ್ಲಿಷ್. ಅಕ್ಷರ ಬಾರದ ತಂದೆ ಸಹಿಯ ಜಾಗದಲ್ಲಿ ಹಾಕಿದ ಅಡ್ಡಗೆರೆಗಳ ಗುರುತು. ನನ್ನ ಅತ್ತೆಯವರು ಆ ಗುರುತಿನ ಮೇಲೆ ಬೆರಳಾಡಿಸಿ ಅತ್ತುಬಿಟ್ಟರು.

ಒಂದು ಕಾಸನ್ನೂ ಮುಟ್ಟದ ನಿಮ್ಮ ದೊಡ್ಡ ಮನಸ್ಸಿಗೆ ನಾವು ಋಣಿಗಳು. ಇದು ನಿಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ಹೆಸರು ತಿಳಿಸಿ. ಅತ್ತೆಯವರು ದಿನವೂ ಕೇಳುತ್ತಿದ್ದಾರೆ.