ಯಾರ ಕಣ್ಣಿಗೂ ಬೀಳಬಾರದು ಅಂತ ಬರೆದಿದ್ದೀಯಲ್ಲ

ಚಿ. ಸುಹಾಸನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಊರಿನ ಸುದ್ದಿ, ತೋಟದ ಸುದ್ದಿ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಒಂದು ಸಾಲು ನನಗೆ ನಿದ್ದೆ ಕೊಡಲಿಲ್ಲ. ಕೂದಲು ಉದುರುತ್ತಿದೆ ಅಂದೆ, ಸರಿ. ಆಫೀಸಿನ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರುತ್ತೇನೆ ಅಂದೆ, ಅದೂ ಅರ್ಥವಾಯಿತು. ಆಮೇಲೆ, "ಯಾರ ಕಣ್ಣಿಗೂ ಬೀಳದೆ ಇದ್ದುಬಿಟ್ಟರೆ ಸಾಕು ಅನ್ನಿಸುತ್ತದೆ ಮಾವ" ಅಂತ ಬರೆದಿದ್ದೀಯಲ್ಲ, ಅದು.

ಈ ಮಾತಿನ ದನಿ ನನಗೆ ಗೊತ್ತು. ಮೆಡಿಕಲ್ ಅಂಗಡಿ ನಡೆಸಿದಷ್ಟು ಕಾಲವೂ ಕೇಳಿದ್ದೇನೆ. ಸಂಜೆ ಗಿರಾಕಿಗಳು ಕರಗುವ ತನಕ ಹುಡುಗರು ಎದುರಿನ ಕಟ್ಟೆ ಮೇಲೆ ಕಾಯುತ್ತಿದ್ದರು. ಅಂಗಡಿಯಲ್ಲಿ ಹೆಂಗಸರು ಯಾರಾದರೂ ಇದ್ದರೆ ಸುಮ್ನೆ ಒಂದು ತಲೆನೋವಿನ ಮಾತ್ರೆ ತಗೊಂಡು ಹೋಗಿಬಿಡುತ್ತಿದ್ದರು. ಯಾರೂ ಇಲ್ಲದಿದ್ದರೆ ಟೋಪಿ ಮುಂದಕ್ಕೆ ಎಳೆದುಕೊಂಡು, "ಅಣ್ಣಾ, ತಲೆಗೆ ಹಚ್ಚೋದು ಏನಾದ್ರೂ ಇದ್ಯಾ?" ಅಂತ ಪಿಸುಗುಡುತ್ತಿದ್ದರು. ಪೇಪರಿನಲ್ಲಿ ಸುತ್ತಿ ಕೊಡಿ ಅನ್ನುತ್ತಿದ್ದರು. ಗಂಡಸಿಗೆಂಥ ಕೂದಲಿನ ಚಿಂತೆ ಅಂತ ಮನೆಯಲ್ಲಿ ನಗುತ್ತಾರೆ. ಹಾಗಾಗಿ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ನೀನು ನನ್ನ ಹತ್ತಿರ ಹೇಳಿದೆಯಲ್ಲ, ಅಷ್ಟರಮಟ್ಟಿಗೆ ನನಗೆ ಸಮಾಧಾನ. ನಿನ್ನ ಅಮ್ಮನಿಗೆ ಪತ್ರ ತೋರಿಸಿಲ್ಲ.

ಅವಳ ಮುಂದೆ ಮಾತ್ರ "ನಿಮ್ಮ ಕಡೆಯ ತಲೆ ನನಗೆ ಬಂತು" ಅನ್ನಬೇಡ. ಅದರಲ್ಲಿ ಸ್ವಲ್ಪ ನಿಜವಿದೆ. ಇದಕ್ಕೆ ಕಾರಣವಾಗುವ ಮುಖ್ಯ ಜೀನ್ ಒಂದು ಎಕ್ಸ್ ಕ್ರೋಮೋಸೋಮಿನಲ್ಲಿದೆ, ಅದು ಗಂಡುಮಕ್ಕಳಿಗೆ ತಾಯಿಯಿಂದಲೇ ಬರುವುದು. ಆದರೆ ಇನ್ನೂ ಹಲವು ಜೀನ್‌ಗಳಿವೆ, ಅಪ್ಪನ ಕಡೆಯವೂ ಸೇರುತ್ತವೆ. ಅವಳು ಅದನ್ನೆಲ್ಲ ಕೇಳುವುದಿಲ್ಲ, ತನ್ನದೇ ತಪ್ಪು ಅಂದುಕೊಂಡು ಕೂರುತ್ತಾಳೆ.

ಅವಳ ಮದುವೆಯ ಆಲ್ಬಮ್ ನೀನು ಎಷ್ಟೋ ಸಲ ನೋಡಿದ್ದೀಯ. ಅದರಲ್ಲಿ ನಾನು ಎಲ್ಲೂ ಇಲ್ಲ, ಗಮನಿಸಿದ್ದೀಯಾ? ಅಣ್ಣ ಊಟದ ಮನೆ ನೋಡಿಕೊಳ್ಳುತ್ತಿದ್ದ ಅಂತ ಎಲ್ಲರೂ ಹೇಳುತ್ತಾರೆ. 1995ರ ಮದುವೆ ಅದು. ವಿಡಿಯೊದವನು ಮಂಟಪಕ್ಕೆ ಬಂದಾಗೆಲ್ಲ ಕಣ್ಣು ಕುಕ್ಕುವ ಲೈಟು ಹಿಡಿಯುತ್ತಿದ್ದ. ಆಗಲೇ ನನ್ನ ನೆತ್ತಿ ಪೂರಾ ಕಾಣುತ್ತಿತ್ತು. ಆ ಲೈಟಿನ ಕೆಳಗೆ, ಗಂಡಿನ ಕಡೆಯವರೆಲ್ಲ ನೋಡುತ್ತಿರುವಾಗ ಹೋಗಿ ನಿಲ್ಲಲು ನನ್ನಿಂದ ಆಗಲಿಲ್ಲ. ಅಡುಗೆಯವರ ಜೊತೆ ಹಿತ್ತಲಲ್ಲೇ ಉಳಿದೆ. ಲಾಜಾಹೋಮದಲ್ಲಿ ಹುಡುಗಿಯ ಬೊಗಸೆಗೆ ಅರಳು ಹಾಕಬೇಕಾದವನು ಒಡಹುಟ್ಟಿದವನು. ಪುರೋಹಿತರು ಕೂಗಿದ್ದು ನನಗೆ ಕೇಳಿಸಿತು. ಕೊನೆಗೆ ಚಿಕ್ಕಪ್ಪನ ಮಗ ಹೋಗಿ ಹಾಕಿದ. ನಿನ್ನ ಅಮ್ಮ ಇವತ್ತಿಗೂ ಯಾಕೆ ಅಂತ ಕೇಳಿಲ್ಲ. ಈಗಲೂ ಯಾರದೇ ಮದುವೆಯಲ್ಲಿ ಆ ಶಾಸ್ತ್ರ ಬಂದರೆ ನನಗೆ ಅಲ್ಲಿ ನಿಂತು ನೋಡಲು ಆಗುವುದಿಲ್ಲ.

ಅದಕ್ಕೇ ಕಣೋ ನಿನ್ನ ಸಾಲು ಓದಿ ಹೆದರಿದೆ. ಮೊದಲು ಕ್ಯಾಮೆರಾ, ಆಮೇಲೆ ಗೆಳೆಯರ ಜೊತೆಗಿನ ಊಟ, ಆಮೇಲೆ ಮನೆಯ ಹಬ್ಬ. ಒಂದೊಂದಾಗಿ ಬಿಡುತ್ತಾ ಹೋಗುತ್ತೇವೆ. ಬಿಡುವಾಗ ಏನೂ ಅನ್ನಿಸುವುದಿಲ್ಲ, ಹಾಯೆನಿಸುತ್ತದೆ ಕೂಡ.

ಔಷಧಿಯ ಮಾತು ನನ್ನಿಂದ ಕೇಳಲು ನಿನಗೆ ಬೇಸರವಾದರೆ ಬಿಟ್ಟುಬಿಡು. ಬೋರ್‌ವೆಲ್ ನೀರಿಗೆ ಹೆದರಿ ರೂಮು ಬದಲಿಸಿದೆ ಅಂದಿದ್ದೀಯ. ಗಡಸು ನೀರಿಗೆ ಕೂದಲು ಒರಟಾಗುತ್ತದೆ, ಅಷ್ಟೇ. ಹಣೆಯಿಂದ, ನೆತ್ತಿಯಿಂದ ಹೀಗೆ ಹಿಂದೆ ಸರಿಯುವುದಕ್ಕೆ ಡಿಎಚ್‌ಟಿ ಅನ್ನುವ ಹಾರ್ಮೋನು ಕಾರಣ. ಅದು ಅಲ್ಲಿನ ಕೂದಲಿನ ಬೇರನ್ನು ವರ್ಷ ವರ್ಷ ಸಣ್ಣ ಮಾಡುತ್ತಾ ಬರುತ್ತದೆ. ಎಣ್ಣೆ ಹಚ್ಚಿದರೂ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗಿದರೂ ಇದು ನಿಲ್ಲುವುದಿಲ್ಲ. ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದಿದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು, ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಶುರುವಿನ ವಾರಗಳಲ್ಲಿ ಅದು ಇನ್ನೂ ಜಾಸ್ತಿ ಉದುರಿಸಬಹುದು. ನನ್ನ ಗಿರಾಕಿಗಳಲ್ಲಿ ಎಷ್ಟೋ ಜನ ಅಲ್ಲೇ ಹೆದರಿ ಬಿಟ್ಟರು. ನಾಲ್ಕಾರು ತಿಂಗಳು ನೋಡಬೇಕು, ಬಿಟ್ಟರೆ ಬಂದಿದ್ದೂ ಹೋಗುತ್ತದೆ.

ನನ್ನ ಚಿಂತೆ ನೀನು ಆನ್‌ಲೈನಿನಲ್ಲಿ ತರಿಸಿದ, ಆ ಡಿಎಚ್‌ಟಿಯನ್ನು ತಗ್ಗಿಸುವ ಫಿನಾಸ್ಟರೈಡ್ ಮಾತ್ರೆಯದು. ಅದು ಬಹಳ ಜನರಿಗೆ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತದೆ, ಕೆಲವರ ಮನಸ್ಸು ಕುಸಿಯುತ್ತದೆ. ಮೊದಲೇ ಮುದುಡಿಕೊಂಡಿರುವ ಹುಡುಗ ಡಾಕ್ಟರಿಗೆ ತೋರಿಸದೆ ಅದನ್ನು ನುಂಗಬಾರದು. ಚರ್ಮದ ಡಾಕ್ಟರ ಹತ್ತಿರ ಹೋಗು, ನನಗೆ ಬರೆದ ಆ ಸಾಲನ್ನೂ ಅವರಿಗೆ ಹೇಳು. ಹೋದ ಮಳೆಗಾಲದ ಡೆಂಗ್ಯೂ ಬಗ್ಗೆಯೂ ಹೇಳು. ಜೋರು ಜ್ವರವಾದ ಎರಡು ಮೂರು ತಿಂಗಳಿಗೆ ಉದುರುವ ಕೂದಲು ಸಾಮಾನ್ಯವಾಗಿ ತಾನೇ ವಾಪಸ್ ಬರುತ್ತದೆ. ನಿನ್ನದರಲ್ಲಿ ಅದೂ ಸೇರಿದೆಯೋ ಏನೋ ಅವರು ನೋಡಿ ಹೇಳುತ್ತಾರೆ. ಕೂದಲು ಕಸಿಯ ಜಾಹೀರಾತು ನೋಡಿ ಈಗಲೇ ಸಾಲ ಮಾಡಬೇಡ.

ಹುಡುಗಿಯ ಮನೆಗೆ ಹಳೇ ಫೋಟೊ ಕಳಿಸಿದ್ದು ಗೊತ್ತಾಯಿತು. ಈಗಿನದು ಕಳಿಸಿದರೆ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಹೇಳಿದ್ದು ಜಾಸ್ತಿಯಾಯಿತೇನೋ. ಅವಳು ಬೇಡ ಅಂದರೆ ನೋವಾಗುತ್ತದೆ, ನನಗೂ ಹಾಗೆ ಆಗಿತ್ತು. ಆದರೆ ಒಪ್ಪಿದ ಮೇಲೆ ದಿನಾ ಟೋಪಿ ಹಾಕಿಕೊಂಡು ಬದುಕುವ ಕಷ್ಟ ಬೇಡ ಅಲ್ವಾ?

ಈಗ ಮತ್ತೆ ಅದೇ ಮಾತು. ಯಾರ ಕಣ್ಣಿಗೂ ಬೀಳಬಾರದು ಅನ್ನುವುದು ಬರೀ ತಲೆಕೂದಲಿನ ಮಾತೋ, ಇಲ್ಲ ಅದಕ್ಕಿಂತ ದೂರ ಹೋಗಿದೆಯೋ? ನಿದ್ದೆ ಬರುತ್ತಿದೆಯಾ? ಊಟ ಮಾಡುತ್ತಿದ್ದೀಯಾ? ನನಗೆ ಬರೆಯಲು ಆಗದಿದ್ದರೆ ಮನಸ್ಸಿನ ಕಷ್ಟಕ್ಕಿರುವ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ನನಗೇ ಹೇಳುತ್ತೀಯ ಅಂದರೆ ಯಾವ ಹೊತ್ತಿಗಾದರೂ ಸರಿ, ರಾತ್ರಿ ಬಸ್ಸಿಗೆ ಹತ್ತಿ ಬರುತ್ತೇನೆ.

ಮಾತ್ರೆ ಶುರು ಮಾಡಿದ್ದರೆ ಯಾವ ತಾರೀಕಿನಿಂದ, ಎಷ್ಟು ಮಿಲಿಗ್ರಾಂ ಅಂತ ಬರಿ. ಡಾಕ್ಟರ ಚೀಟಿ ಸಿಕ್ಕಿದ ಕೂಡಲೇ ಅದರ ಫೋಟೊ ತೆಗೆದು ಕಳಿಸು, ನಾನೂ ಒಮ್ಮೆ ನೋಡುತ್ತೇನೆ.

ಇತಿ,
ನಿನ್ನ ಮಾವ