ಇನ್ನು ಮುಂದೆ ಫೋಟೋ ಜೊತೆ ಅಳತೆಯೂ ಬರುತ್ತದೆ, ದರವೂ ಸ್ವಲ್ಪ ಏರುತ್ತದೆ

ಪ್ರಿಯ ಗ್ರಾಹಕರೇ,

ಸುತ್ತಿ ಬಳಸಿ ಹೇಳುವುದಿಲ್ಲ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಮೈಕ್ರೋಸ್ಕೋಪಿನಲ್ಲಿ ತೆಗೆದ ಸ್ಲೈಡ್ ಫೋಟೋಗಳನ್ನು ವಾಟ್ಸಾಪ್‌ನಲ್ಲಿ ಕಳಿಸುವುದನ್ನು ನಿಲ್ಲಿಸುತ್ತೇವೆ. ಪ್ರತಿ ಫೋಟೋ ಓಎಂಇ-ಟಿಫ್ ಫೈಲಾಗಿ ಬರುತ್ತದೆ, ಅಂದರೆ ಅಳತೆಯನ್ನೂ ಜೊತೆಗೆ ಹೊತ್ತ ಚಿತ್ರದ ಫೈಲು. ಒಂದು ಪಿಕ್ಸೆಲ್ ಅಂದರೆ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅನ್ನುವುದನ್ನು ಆ ಫೈಲಿನೊಳಗೇ ಬರೆದಿರುತ್ತೇವೆ. ಪೆನ್‌ಡ್ರೈವ್ ತಂದರೆ ಅದರಲ್ಲಿ ಹಾಕಿ ಕೊಡುತ್ತೇವೆ, ಇಲ್ಲದಿದ್ದರೆ ಲಿಂಕ್ ಕಳಿಸುತ್ತೇವೆ. ಒಂದು ಸ್ಲೈಡಿಗೆ 30 ರೂಪಾಯಿ ಜಾಸ್ತಿ ಆಗುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಇದು ಭಾರ ಅಂತ ಗೊತ್ತು. ಅದಕ್ಕೆ ಕ್ಷಮೆ ಇರಲಿ.

ಆದರೆ "ಫೈಲ್ ಹೆಸರು ಬದಲಿಸಿ ದುಡ್ಡು ಏರಿಸಿದರು" ಅಂತ ಈಗಾಗಲೇ ಒಂದಿಬ್ಬರು ಆಡಿಕೊಂಡದ್ದು ನಮ್ಮ ಕಿವಿಗೂ ಬಿದ್ದಿದೆ. ಈ ಪತ್ರ ಉದ್ದ ಆಗಲು ಆ ಮಾತೇ ಕಾರಣ.

ಕೌಂಟರಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ. "ನಿಮ್ಮ ಫೋಟೋದಾಗ ಅಳತಿನೇ ಸರಿ ಇಲ್ಲಲ್ರಿ!" ಲ್ಯಾಪ್‌ಟಾಪ್ ಬಿಚ್ಚಿ ತೋರಿಸುತ್ತಾರೆ. ಮೊನ್ನೆ ಬಂದ ಮೇಡಂ ಒಬ್ಬರ ಫಿಜಿಯಲ್ಲಿ (ಫೋಟೋ ಅಳೆಯುವ ಸಾಫ್ಟ್‌ವೇರ್ ಅದು) ಚಿತ್ರದ ಮೇಲಿನ ಸಾಲು ಹೀಗಿತ್ತು: 25.50x21.33 ಇಂಚು (2448x2048). ಅದರಲ್ಲಿ ಒಂದು ಕೆಂಪು ರಕ್ತಕಣದ ಮೇಲೆ ಗೆರೆ ಎಳೆದರೆ 0.45 ಅಂತ ಬರುತ್ತಿತ್ತು. ಅರ್ಧ ಇಂಚಿನ ರಕ್ತಕಣ! ನಗು ಬಂತು, ಆದರೆ ಅವರ ಮುಖ ನೋಡಿ ನಗಲಿಲ್ಲ.

ಆಗಿದ್ದು ಇಷ್ಟೇ. ನಮ್ಮ ಫೋಟೋವನ್ನು ಅವರು ಬಣ್ಣ ತುಂಬುವ ಒಂದು ಸಾಫ್ಟ್‌ವೇರಿನಲ್ಲಿ ತೆರೆದು, ಬಾಣದ ಗುರುತು ಹಾಕಿ, ಮಾಮೂಲಿ ಟಿಫ್ ಫೈಲಾಗಿ ಉಳಿಸಿದ್ದರು. ಉಳಿಸುವಾಗ ಅದು ತನ್ನ ಅಭ್ಯಾಸದಂತೆ 96 ಡಿಪಿಐ ಅಂತ ಬರೆದಿತ್ತು. ಅದು ಕಾಗದದ ಮೇಲೆ ಪ್ರಿಂಟ್ ಹಾಕುವ ಲೆಕ್ಕ, ಒಂದು ಇಂಚಿಗೆ 96 ಚುಕ್ಕಿ. ಮೈಕ್ರೋಸ್ಕೋಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಫಿಜಿ ಪಾಪ ಅದನ್ನೇ ನಂಬಿ, 2448 ಅನ್ನು 96ರಿಂದ ಭಾಗಿಸಿ ಇಪ್ಪತ್ತೈದೂವರೆ ಇಂಚು ಅಂದಿತು. ಟಿಫ್‌ನ ಹಳೇ ನಿಯಮದಲ್ಲಿ ರೆಸಲ್ಯೂಷನ್ ಬರೆಯಲು ಇರುವ ಅಳತೆ ಎರಡೇ: ಇಂಚು, ಇಲ್ಲವೇ ಸೆಂಟಿಮೀಟರ್. ಮೈಕ್ರಾನ್‌ಗೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಒಂದೊಂದು ಕಂಪನಿ ಒಂದೊಂದು ಮೂಲೆಯಲ್ಲಿ ಮೈಕ್ರಾನ್ ಬರೆದಿಡುತ್ತದೆ. ಒಂದು ಸಾಫ್ಟ್‌ವೇರ್ ಬರೆದಿದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ಓಎಂಇ-ಟಿಫ್ ಈ ಗೊಂದಲಕ್ಕೇ ಹುಟ್ಟಿದ್ದು. ಫೈಲಿನ ವಿವರಣೆಯ ಜಾಗದಲ್ಲಿ 'ಫಿಸಿಕಲ್‌ಸೈಜ್ ಎಕ್ಸ್', 'ಫಿಸಿಕಲ್‌ಸೈಜ್ ವೈ' ಅಂತ ಎರಡು ಸಂಖ್ಯೆ, ಅವುಗಳ ಯೂನಿಟ್ ಸಮೇತ ಇರುತ್ತವೆ. ಯೂನಿಟ್ ಬರೆಯದಿದ್ದರೆ ಮೈಕ್ರಾನ್ ಅಂತಲೇ ಅರ್ಥ.

ಇನ್ನೊಂದು ದೂರು ಇದಕ್ಕಿಂತ ಅಪಾಯದ್ದು. ಇದರಲ್ಲಿ ಸಂಖ್ಯೆ ನೋಡಿದರೆ ನಂಬುವ ಹಾಗೇ ಇರುತ್ತದೆ. ನಮ್ಮ ಕ್ಯಾಮೆರಾ ಫೋಟೋ 2448 ಪಿಕ್ಸೆಲ್ ಅಗಲ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಅದು ಸುಮಾರು 1600ಕ್ಕೆ ಇಳಿಯುತ್ತದೆ. ಅದು ವಾಟ್ಸಾಪ್‌ನ ತಪ್ಪಲ್ಲ. ಮದುವೆ ಫೋಟೋ ಬೇಗ ತಲುಪಲಿ ಅಂತ ಮಾಡಿದ ಏರ್ಪಾಡು ಅದು. ಆದರೆ ಫೋಟೋ ಕುಗ್ಗಿದ್ದು ಗೊತ್ತಿಲ್ಲದೆ ನೀವು ಫೋಟೋ ಜೊತೆ ಬಂದ ನಮ್ಮ ಹಳೇ ಚೀಟಿಯಲ್ಲಿದ್ದ ಪಿಕ್ಸೆಲ್ ಅಳತೆಯನ್ನೇ ಹಾಕಿದರೆ, ಏಳೂವರೆ ಮೈಕ್ರಾನ್ ರಕ್ತಕಣ 4.9 ಮೈಕ್ರಾನ್ ಆಗುತ್ತದೆ. ಆರೋಗ್ಯವಾಗಿರುವ ಮನುಷ್ಯನಿಗೆ ರಕ್ತಹೀನತೆ ಅಂಟಿಸಿದ ಹಾಗೆ. ವಿಸ್ತೀರ್ಣ ಅಳೆಯುವವರಿಗೆ ಇನ್ನೂ ಕೆಟ್ಟದ್ದು, ಇದ್ದದ್ದರ ಅರ್ಧಕ್ಕಿಂತ ಕಡಿಮೆ ಬರುತ್ತದೆ. ನಮ್ಮ ಕಡೆ ಆನೆಕಾಲು ರೋಗದ ಹುಳು ಅಳೆಯುವವರಿದ್ದಾರೆ, ಸೇಡಂ ಕಡೆ ಸಿಮೆಂಟ್ ಕ್ಲಿಂಕರ್ ಹರಳು ಅಳೆಯುವವರಿದ್ದಾರೆ. ಅವರ ರಿಪೋರ್ಟಿನ ಕೆಳಗೆ ನಮ್ಮ ಹೆಸರು ಇರುತ್ತದೆ. ಕೇಳಿದವರಿಗೆಲ್ಲ ವಾಟ್ಸಾಪ್ ಮಾಡುವ ಅಭ್ಯಾಸ ಬಿಡುತ್ತಿರುವುದು ಇದಕ್ಕೇ.

"ಫೋಟೋ ಮೂಲೆಯಲ್ಲಿ ಸ್ಕೇಲ್ ಬಾರ್ ಇತ್ತಲ್ವಾ, ಅದು ಸಾಕಾಗಲ್ವಾ?" ಒಳ್ಳೇ ಪ್ರಶ್ನೆ. ಇಷ್ಟು ಉದ್ದ ಅಂದರೆ ಇಷ್ಟು ಮೈಕ್ರಾನ್ ಅಂತ ತೋರಿಸುವ ಆ ಗೆರೆ ಕಣ್ಣಲ್ಲಿ ನೋಡುವವರಿಗೆ ಸಾಕು. ಫೋಟೋ ಕುಗ್ಗಿದರೆ ಬಾರ್ ಕೂಡ ಜೊತೆಗೇ ಕುಗ್ಗುತ್ತದೆ, ಆ ಮಟ್ಟಿಗೆ ಅದು ನಿಯತ್ತಿನ ಪ್ರಾಣಿ. ಆದರೆ ಸಾಫ್ಟ್‌ವೇರಿಗೆ ಅದು ಬರೀ ಬಿಳಿ ಚುಕ್ಕಿಗಳ ಸಾಲು. ಕಣ ಎಣಿಸಲು ಕೊಟ್ಟರೆ ಅದನ್ನೂ ಒಂದು ಕಣ ಅಂತ ಎಣಿಸಿಬಿಡುತ್ತದೆ. ಹಾಗಾಗಿ ಅಳತೆಗೆ ಕೊಡುವ ಟಿಫ್‌ನಲ್ಲಿ ಬಾರ್ ಇರುವುದಿಲ್ಲ. ಪ್ರಬಂಧದಲ್ಲಿ ಅಂಟಿಸಲು ಬಾರ್ ಇರುವ ಜೆಪೆಗ್ ಒಂದನ್ನು ಬೇರೆಯಾಗಿ ಹಾಕಿರುತ್ತೇವೆ. ಅದಕ್ಕೆ ದುಡ್ಡಿಲ್ಲ.

ಈಗ ಖರ್ಚಿನ ಮಾತು. "ಫೈಲಿನಲ್ಲಿ ಒಂದು ಸಂಖ್ಯೆ ಟೈಪ್ ಮಾಡಲು 30 ರೂಪಾಯಿಯಾ?" ಅನ್ನುತ್ತಾರೆ. ಟೈಪ್ ಮಾಡಲು ಅಲ್ಲ, ಆ ಸಂಖ್ಯೆ ಹುಟ್ಟಿಸಲು. ಲೆಕ್ಕ ಸುಲಭ: ಕ್ಯಾಮೆರಾದ ಪಿಕ್ಸೆಲ್ 3.45 ಮೈಕ್ರಾನ್, ಲೆನ್ಸು 40 ಪಟ್ಟು, ನಡುವಿನ ಅಡಾಪ್ಟರ್ ಅರ್ಧ ಪಟ್ಟು. 3.45 ಅನ್ನು 20ರಿಂದ ಭಾಗಿಸಿದರೆ 0.1725 ಮೈಕ್ರಾನ್. ಇದನ್ನೇ ಬರೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ನಾವು ಸ್ಟೇಜ್ ಮೈಕ್ರೋಮೀಟರ್ ಇಟ್ಟು ಅಳೆಯುತ್ತೇವೆ. ಒಂದು ಮಿಲಿಮೀಟರನ್ನು ನೂರು ಮನೆ ಮಾಡಿ ಗೆರೆ ಕೊರೆದ ಗಾಜು ಅದು, ಒಂದು ಮನೆಗೆ 10 ಮೈಕ್ರಾನ್. ಗೆರೆಗೂ ದಪ್ಪ ಇರುತ್ತದೆ, ಆದ್ದರಿಂದ ಒಂದು ಗೆರೆಯ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೇ ಅಳೆಯಬೇಕು. ನಮ್ಮ 40ರ ಲೆನ್ಸಿನಲ್ಲಿ ನಲವತ್ತು ಮನೆಗೆ 2306 ಪಿಕ್ಸೆಲ್ ಬಂತು. ನಲವತ್ತು ಮನೆ ಅಂದರೆ 400 ಮೈಕ್ರಾನ್, ಅದನ್ನು 2306ರಿಂದ ಭಾಗಿಸಿದರೆ 0.1735. ಲೆನ್ಸಿನ ಮೇಲೆ 40, ಅಡಾಪ್ಟರ್ ಮೇಲೆ ಅರ್ಧ ಅಂತ ಬರೆದಿದ್ದರೂ ಎರಡೂ ಸೇರಿ ಪೂರ್ತಿ 20 ಆಗುವುದಿಲ್ಲ. ನಿಮ್ಮ ಫೈಲಿಗೆ ಹೋಗುವುದು ಈ ಅಳೆದ ಸಂಖ್ಯೆ.

ಗಂಜ್‌ನಲ್ಲಿ ತೊಗರಿ ತೂಗುವ ಕಾಟಾಕ್ಕೆ ವರ್ಷವರ್ಷ ಮುದ್ರೆ ಹಾಕಿಸುತ್ತಾರಲ್ಲ, ಈ ಗಾಜಿಗೂ ಹಾಗೇ ಸರ್ಟಿಫಿಕೇಟ್ ಬೇಕು. ಅದಕ್ಕಾಗಿ ಬೆಂಗಳೂರಿಗೆ ಕಳಿಸಬೇಕು. ಲ್ಯಾಬಿನ ಫೀಸು, ಇನ್ಶೂರೆನ್ಸ್ ಮಾಡಿದ ಕೊರಿಯರ್, ಅದು ವಾಪಸ್ ಬರುವವರೆಗೆ ಕೆಲಸಕ್ಕೆ ಇನ್ನೊಂದು ಗಾಜು. ಲೆನ್ಸ್ ಒಂದೊಂದಕ್ಕೂ ಬೇರೆ ಅಳತೆ. ಕ್ಯಾಮೆರಾ ಬಿಚ್ಚಿ ಕ್ಲೀನ್ ಮಾಡಿದರೆ ಮತ್ತೆ ಮೊದಲಿನಿಂದ. ಜೆಪೆಗ್ ಒಂದೆರಡು ಎಂಬಿಯಲ್ಲಿ ಮುಗಿಯುತ್ತಿತ್ತು, ಈಗ ಒಂದು ಫೋಟೋಗೆ 15 ಎಂಬಿ. ಅದನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡುತ್ತೇವೆ. ನಮ್ಮೂರ ಬೇಸಿಗೆಯಲ್ಲಿ ಒಂದನ್ನೇ ನಂಬಿ ಕೂರಲು ಧೈರ್ಯವಿಲ್ಲ. ಯುಪಿಎಸ್ ಬ್ಯಾಟರಿ, ಎಸಿ ಬಿಲ್ಲು ಹೇಳಲು ಹೋದರೆ ನೀವೇ ನಿಮ್ಮ ಮನೆಯದ್ದು ಹೇಳುತ್ತೀರಿ, ಬಿಡಿ. ಒಟ್ಟಿನಲ್ಲಿ 30 ರೂಪಾಯಿಯಲ್ಲಿ ನಮಗೆ ಉಳಿಯುವುದು ಏನೂ ಇಲ್ಲ.

ಫೈಲ್ ತೆರೆಯುವಾಗ ಸ್ವಲ್ಪ ಜಾಗ್ರತೆ ಇರಲಿ. ಫಿಜಿಯಲ್ಲಿ 'ಫೈಲ್', 'ಇಂಪೋರ್ಟ್', 'ಬಯೋ-ಫಾರ್ಮ್ಯಾಟ್ಸ್' ದಾರಿಯಲ್ಲೇ ತೆರೆಯಿರಿ. ಎಳೆದು ತಂದು ಕಿಟಕಿಗೆ ಬಿಟ್ಟರೆ ಅದರ ಹಳೇ ಟಿಫ್ ಓದುಗ ತೆರೆಯಬಹುದು, ಓಎಂಇ ಬರಹ ಅದಕ್ಕೆ ಕಾಣದೇ ಹೋಗಬಹುದು. ಆ ಪ್ರಸಂಗಕ್ಕೂ ಇರಲಿ ಅಂತ ರೆಸಲ್ಯೂಷನ್ ಜಾಗದಲ್ಲಿ ಸೆಂಟಿಮೀಟರಿಗೆ 57637 ಪಿಕ್ಸೆಲ್ ಅಂತಲೂ ತುಂಬಿದ್ದೇವೆ. ಹಾಗೆ ತೆರೆದುಕೊಂಡರೆ ರಕ್ತಕಣ 0.00075 ಅಂತ ಸೆಂಟಿಮೀಟರಿನಲ್ಲಿ ಬರುತ್ತದೆ, ಗಾಬರಿ ಬೇಡ. ಸರಿಯಾಗಿ ತೆರೆದಿದ್ದರೆ 40ರ ಲೆನ್ಸಿನ ಫೋಟೋ ಮೇಲೆ ಸುಮಾರು 425x355 ಮೈಕ್ರಾನ್ ಅಂತ ಕಾಣಬೇಕು. ಕಂಟ್ರೋಲ್, ಶಿಫ್ಟ್, ಪಿ ಒತ್ತಿದರೆ 'ಪ್ರಾಪರ್ಟೀಸ್' ಬರುತ್ತದೆ, ಅಲ್ಲಿ 0.1735 ನೋಡಿಕೊಳ್ಳಿ. 'ಸೆಟ್ ಸ್ಕೇಲ್'ನಲ್ಲಿ 'ಗ್ಲೋಬಲ್' ಟಿಕ್ ಇದ್ದರೆ ಮೊದಲು ತೆಗೆಯಿರಿ. ಅದು ಇದ್ದರೆ ಒಂದು ಫೋಟೋದ ಅಳತೆ ತೆರೆದ ಎಲ್ಲಾ ಫೋಟೋಗೂ ಅಂಟಿಕೊಳ್ಳುತ್ತದೆ. 10ರ ಲೆನ್ಸಿನ ಫೋಟೋಗೆ 40ರ ಅಳತೆ ಬಿದ್ದರೆ ಉದ್ದ ನಾಲ್ಕನೇ ಒಂದು, ವಿಸ್ತೀರ್ಣ ಹದಿನಾರನೇ ಒಂದು. ಕ್ಯುಪಾತ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೆ ಒಂದು ಗುರುತು: ಕೋಶ ಹುಡುಕುವಾಗ ಅದು ಮೈಕ್ರಾನ್ ಬದಲು ಪಿಕ್ಸೆಲ್ ಕೇಳಿದರೆ ಅಳತೆ ಅದಕ್ಕೆ ಸಿಕ್ಕಿಲ್ಲ ಅಂತ. ಸೆಲ್‌ಪ್ರೊಫೈಲರ್ ಅನ್ನುವ ಸಾಫ್ಟ್‌ವೇರ್ ಮಾತ್ರ ಏನಿದ್ದರೂ ಪಿಕ್ಸೆಲ್‌ನಲ್ಲೇ ಉತ್ತರ ಕೊಡುತ್ತದೆ, ಒಂದು ಪಿಕ್ಸೆಲ್ಲಿನ ಮೈಕ್ರಾನ್ ಅಳತೆಯಿಂದ ಗುಣಾಕಾರ ನೀವೇ ಮಾಡಿಕೊಳ್ಳಬೇಕು. ಉದ್ದಕ್ಕೆ ಒಂದು ಸಲ, ವಿಸ್ತೀರ್ಣಕ್ಕೆ ಎರಡು ಸಲ.

ಫೈಲಿನಲ್ಲಿ ಬರೆದಿದ್ದೆಲ್ಲ ವೇದವಾಕ್ಯ ಅಂತಲೂ ತಿಳಿಯಬೇಡಿ. ಲೆನ್ಸನ್ನು ಕೈಯಿಂದ ತಿರುಗಿಸುವ ಮೈಕ್ರೋಸ್ಕೋಪಿನಲ್ಲಿ ಯಾವ ಲೆನ್ಸು ಬಂತು ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ, ಮನುಷ್ಯರೇ ಹೇಳಬೇಕು. ಹಾಗಾಗಿ ಪ್ರತಿ ಆರ್ಡರಿನ ಫೋಲ್ಡರಿನಲ್ಲಿ, ಬಳಸಿದ ಲೆನ್ಸಿಗೆ ಒಂದರಂತೆ ಆ ಗಾಜಿನ ಗೆರೆಗಳ ಫೋಟೋ ಇಡುತ್ತೇವೆ. ಅನುಮಾನ ಬಂದರೆ ನೀವೇ ಗೆರೆ ಎಳೆದು ನೋಡಿ. ಈ ಭಾಗದಲ್ಲಿ ಹೀಗೆ ಕೊಡುವವರು ಬೇರೆ ಇದ್ದರೆ ಅವರ ಹತ್ತಿರ ಧಾರಾಳ ಹೋಗಿ, ಬೇಜಾರಿಲ್ಲ.

ಹೈದರಾಬಾದಿನಲ್ಲಿ ದೊಡ್ಡ ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆಸಿಕೊಂಡು ನಮ್ಮ ಹತ್ತಿರ ಅಳತೆಗೆ ಬರುವವರು ಅಲ್ಲಿಂದ ಮೂಲ ಫೈಲನ್ನೇ ಕೇಳಿ ತನ್ನಿ. ಮೈಕ್ರೋಸ್ಕೋಪ್ ಕಂಪನಿಗಳ ಸ್ವಂತ ಫೈಲುಗಳಾದ ಸಿಝಡ್ಐ, ಎಲ್ಐಎಫ್, ಎನ್‌ಡಿ2, ಯಾವುದಾದರೂ ಆಗುತ್ತದೆ. ಅದರಿಂದ ಮಾಡಿದ ಜೆಪೆಗ್ ಮಾತ್ರ ತಂದರೆ ನಮ್ಮ ಕೈ ಕಟ್ಟಿದಂತೆ.

ಹಳೇ ಫೋಟೋಗಳ ಬಗ್ಗೆ ಕೇಳುತ್ತೀರಿ. ಮೂಲ ಫೈಲ್ ನಮ್ಮ ಹಾರ್ಡ್‌ಡಿಸ್ಕಿನಲ್ಲಿ ಇದ್ದರೆ ಓಎಂಇ-ಟಿಫ್ ಮಾಡಿ ಉಚಿತವಾಗಿ ಕೊಡುತ್ತೇವೆ, ಆರ್ಡರ್ ನಂಬರ್ ತನ್ನಿ. ಈ ತಿಂಗಳು ಮುಗಿಯುವುದರೊಳಗೆ ಕೊಟ್ಟ ಸ್ಲೈಡುಗಳಿಗೆ ಹಳೇ ದರವೇ. ತೀರಾ ಅವಸರಕ್ಕೆ ವಾಟ್ಸಾಪ್ ಬೇಕೇ ಬೇಕು ಅಂದರೆ 'ಡಾಕ್ಯುಮೆಂಟ್' ಆಗಿ ಕಳಿಸುತ್ತೇವೆ, ಹಾಗೆ ಕಳಿಸಿದರೆ ಫೈಲ್ ಕುಗ್ಗುವುದಿಲ್ಲ. ಶನಿವಾರ ಮಧ್ಯಾಹ್ನ ಮೂರರ ಮೇಲೆ ಲ್ಯಾಪ್‌ಟಾಪ್ ತಂದರೆ ಕೂತು ತೋರಿಸಿಕೊಡುತ್ತೇವೆ. ಚಾರ್ಜರ್ ಮಾತ್ರ ಮರೆಯಬೇಡಿ, ನಮ್ಮಲ್ಲಿ ಇರುವುದು ಒಂದೇ.

ಇಂತಿ ನಿಮ್ಮ,
ಸ್ಲೈಡ್ ಫೋಟೋ ವಿಭಾಗ
ಕಲಬುರಗಿ