ಒಂಬತ್ತೂವರೆ ಬೆರಳಿನ ಲೆಕ್ಕ

ಉಡುಪಿಯ ಕೃಷ್ಣಮಠದ ಪೂಜೆಯ ಹೊಣೆ ಕೈಬದಲಾಗುವ ಪರ್ಯಾಯದ ಹಬ್ಬ ಮುಗಿದು ಜನಜಂಗುಳಿ ಕರಗಿದ ಮರುವಾರ, ಭಾನುವಾರ ಬೆಳಿಗ್ಗೆ, ನಮ್ಮ ಮರಗೆಲಸದ ಬಳಗದ ಶೆಡ್ಡಿನ ಟೇಬಲ್ ಗರಗಸದ ಸ್ವಿಚ್ಚನ್ನು ಎಂಟು ತಿಂಗಳ ಮೇಲೆ ನಾನೇ ಒತ್ತಿದೆ. ಒತ್ತುವಾಗ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದೆನಂತೆ. ನನಗೆ ಅದು ಗೊತ್ತೇ ಇರಲಿಲ್ಲ, ಅಲ್ಲಿದ್ದವರು ಆಮೇಲೆ ಹೇಳಿ ನಕ್ಕರು. ನಕ್ಕವರೆಲ್ಲ ನನಗೆ ಬೇಕಾದವರೇ. ಅವರಿಗೂ ಇನ್ನು ಕೆಲವರಿಗೂ ಹೇಳಬೇಕಾದ ಮಾತುಗಳು ಬಾಕಿ ಉಳಿದಿವೆ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕುಳಿತವನಿಗೆ ಬಾಕಿ ಎಂದರೆ ನಿದ್ದೆ ಬರುವುದಿಲ್ಲ.

ಮೊದಲು ತಪ್ಪಿನ ವಿಚಾರ. ಕಳೆದ ಮೇ ತಿಂಗಳು, ಮಳೆಗಾಲಕ್ಕೆ ಮುಂಚೆ ತುಳುನಾಡಿನ ಜಾತ್ರೆ, ಕೋಲಗಳು ಮುಗಿಯುವ ದಿನವಾದ ಪತ್ತನಾಜೆಗೆ ಇನ್ನೊಂದು ವಾರವಿತ್ತು. ಮಳೆ ಹಿಡಿಯುವ ಮೊದಲು ಒಂದು ಕಪಾಟಿನ ಕೆಲಸ ಮುಗಿಸಬೇಕೆಂಬ ಅವಸರ. ಹಿಂದಿನ ಮಳೆಗಾಲದ ಗಾಳಿಗೆ ನಮ್ಮ ಬಳಗದವರೊಬ್ಬರ ಹಿತ್ತಿಲಿನಲ್ಲಿ ಉರುಳಿದ ಹಲಸಿನ ಮರದ ಹಲಗೆ, ಎರಡು ಅಂಗುಲ ದಪ್ಪ. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಮರಗೆಲಸದವರೆಲ್ಲ ಬಲ್ಲ ಲೆಕ್ಕ. ನಮ್ಮದಕ್ಕೆ ಹತ್ತು ತಿಂಗಳೂ ತುಂಬಿರಲಿಲ್ಲ. ಹೊರಗೆ ಒಣಗಿ ಒಳಗೆ ಹಸಿಯಿರುವ ಹಲಗೆಯಲ್ಲಿ ಒಂದು ಬಿಗಿ ಅಡಗಿರುತ್ತದೆ. ಕೊಯ್ಯುತ್ತ ಹೋದಂತೆ ಆ ಬಿಗಿ ಬಿಟ್ಟುಕೊಂಡು ಸೀಳಿದ ಜಾಗ ಮತ್ತೆ ಮುಚ್ಚಿಕೊಳ್ಳುತ್ತದೆ, ತಿರುಗುವ ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಹಾಗಾಗದಿರಲೆಂದೇ ಬ್ಲೇಡಿನ ಹಿಂದೆ ಒಂದು ತೆಳು ಉಕ್ಕಿನ ಪಟ್ಟಿ ಇರುತ್ತದೆ. ಹಿಂದಿನ ವಾರ ಬೇರೊಂದು ಕೆಲಸಕ್ಕೆಂದು ಅದನ್ನು ಕಳಚಿದವನು ನಾನು, ಮರಳಿ ಹಾಕದೆ ಬಿಟ್ಟವನೂ ನಾನೇ. ಹಲಗೆ ನನ್ನ ಹೊಟ್ಟೆಯ ಕಡೆಗೆ ಹಾರಿತು. ಅದರ ಮೇಲಿಟ್ಟಿದ್ದ ಎಡಗೈ ಆಧಾರ ತಪ್ಪಿ ಬ್ಲೇಡಿನ ಮೇಲೆ ಬಿತ್ತು.

ಕೈಗವಸು ಹಾಕಿಕೊಂಡಿದ್ದರೆ ಇದಾಗುತ್ತಿರಲಿಲ್ಲ ಎಂದು ಅನೇಕರು ಫೋನು ಮಾಡಿ ಹೇಳಿದರು. ಅವರ ಕಾಳಜಿಗೆ ವಂದನೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ತಿರುಗುವ ಬ್ಲೇಡಿಗೆ ಬಟ್ಟೆಯ ಎಳೆ ಸಿಕ್ಕಿದರೆ ಬೆರಳಿನೊಂದಿಗೆ ಇಡೀ ಕೈಯೇ ಒಳಗೆ ಹೋಗುತ್ತದೆ.

ಆ ಹೊತ್ತಿಗೆ ಶೆಡ್ಡಿನಲ್ಲಿ ಇದ್ದದ್ದು ನಾವು ಮೂವರು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯಳು, ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ, ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು. ಟವೆಲಿನಿಂದ ನನ್ನ ಕೈ ಒತ್ತಿ ಹಿಡಿದು ಎದೆಗಿಂತ ಮೇಲೆತ್ತಿಸಿದಳು. ಆಮೇಲೆ ಮೊಣಕಾಲೂರಿ ಯಂತ್ರದ ಕೆಳಗಿನ ಹಳದಿ ಮರದಪುಡಿಯನ್ನು ಕೈಯಿಂದಲೇ ಬಳಿದು ನನ್ನ ತೋರುಬೆರಳಿನ ತುದಿಯನ್ನು ಹುಡುಕಿ ತೆಗೆದಳು. ಇಪ್ಪತ್ತು ವರ್ಷದ ಮಗಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಮೂರ್ಛೆ ಹೋಗುತ್ತಿದ್ದೆ. ಇನ್ನೊಬ್ಬರು ನಮ್ಮ ಬಳಗದ ದಂತವೈದ್ಯರಿಗೆ ಫೋನು ಹಚ್ಚಿದರು. ಅವರು ಅತ್ತಲಿಂದ ಒಂದೊಂದಾಗಿ ಹೇಳಿದರು: ಶುಚಿಯಾದ ಬಟ್ಟೆಯನ್ನು ಒದ್ದೆ ಮಾಡಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ಬೆರಳಿಗೆ ಐಸು ನೇರವಾಗಿ ತಾಗಬಾರದು, ನೀರಿನಲ್ಲಿ ಮುಳುಗಲೂಬಾರದು.

ನಮ್ಮ ಶೆಡ್ಡಿನಲ್ಲಿ ಆಗ ಫ್ರಿಜ್ ಇರಲಿಲ್ಲ. ಐಸು ಸಿಕ್ಕಿದ್ದು ರಸ್ತೆಯ ಮೂಲೆಯಲ್ಲಿ ಮೀನು ಮಾರುವ ಅಕ್ಕನ ಬಳಿ. ಅವರು ವ್ಯಾಪಾರ ಮುಗಿಸಿ ಎದ್ದು ಹೊರಡುವವರಿದ್ದರು. ಏನು, ಯಾಕೆ ಎಂದು ಕೇಳಲಿಲ್ಲ. ಉಳಿದ ಬಂಗುಡೆಗಳನ್ನು ಬುಟ್ಟಿಯ ಮುಚ್ಚಳಕ್ಕೆ ಸುರಿದು ಪೆಟ್ಟಿಗೆಯ ಐಸನ್ನು ಇಡಿಯಾಗಿ ಚೀಲಕ್ಕೆ ತುಂಬಿಸಿಕೊಟ್ಟರು. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಎರಡು ವಾರ ತಡವಾಗಿದ್ದರೆ ಆ ಮೂಲೆಯಲ್ಲಿ ಅವರೂ ಇರುತ್ತಿರಲಿಲ್ಲ, ಐಸೂ ಇರುತ್ತಿರಲಿಲ್ಲ. ಆ ದಿನ ಅವರ ಮೀನು ಎಷ್ಟು ಹಾಳಾಯಿತೋ, ಇಂದಿಗೂ ಹೇಳಿಲ್ಲ. ದುಡ್ಡು ಕೊಡಲು ಹೋದರೆ ಬೈದು ಕಳುಹಿಸಿದರು.

ಆಸ್ಪತ್ರೆಯ ದಿನಗಳನ್ನು ಚುಟುಕಾಗಿ ಮುಗಿಸುತ್ತೇನೆ. ಅರ್ಧ ತುಂಡಾಗಿ ಜೋತಾಡುತ್ತಿದ್ದ ನಡುಬೆರಳಿಗೆ ತಂತಿ ಹಾಕಿ, ನರ ಜೋಡಿಸಿ ಉಳಿಸಿದರು. ತೋರುಬೆರಳಿನ ತುದಿಯನ್ನೂ ಹೊಲಿದರು, ಅದು ಐದನೆಯ ದಿನ ಕಪ್ಪಾಯಿತು, ತೆಗೆಯಬೇಕಾಯಿತು. ಪ್ರಯತ್ನಿಸಿ ನೋಡುವ ಸ್ಥಿತಿಯಲ್ಲಿ ತಂದಿದ್ದಿರಿ, ಅದೇ ದೊಡ್ಡದು ಎಂದರು ವೈದ್ಯರು. ಆ ಮಾತನ್ನು ಹುಡುಗಿಗೂ ಐಸಿನ ಅಕ್ಕನಿಗೂ ತಲುಪಿಸಿದ್ದೇನೆ. ವೈದ್ಯರಿಗೆ, ರಾತ್ರಿಯೆಲ್ಲ ಗಂಟೆಗೊಮ್ಮೆ ಬಂದು ಬೆರಳಿನ ಬಣ್ಣ ನೋಡಿ ಹೋಗುತ್ತಿದ್ದ ದಾದಿಯರಿಗೆ ನನ್ನ ನಮಸ್ಕಾರ.

ನಮಗೆಲ್ಲ ಉಳಿ ಹಿಡಿಯಲು ಕಲಿಸಿದ ಆಚಾರ್ಯರು ಮೂರನೆಯ ದಿನ ನೋಡಲು ಬಂದರು. ಅವರಿಗೆ ಎಪ್ಪತ್ತನಾಲ್ಕು. ಕುಂದಾಪುರದ ಕಡೆಯವರು, ಹರೆಯದಲ್ಲಿ ರಥದ ಕೆಲಸ ಮಾಡಿದವರು. ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಎರಡೂ ಅಂಗೈಗಳನ್ನು ನನ್ನ ಮುಖದ ಮುಂದೆ ಬಿಡಿಸಿ, "ಶೆಟ್ಟರೇ, ಹತ್ತೂ ಇವೆ ನೋಡಿ. ಅರವತ್ತು ವರ್ಷದಿಂದ ಪ್ರತಿದಿನ ಹೆದರಿಕೊಂಡೇ ಕೆಲಸ ಮಾಡಿದ್ದೇನೆ. ನಿಮಗೆ ಹೆದರಿಕೆ ಬಿಟ್ಟುಹೋಗಿತ್ತು," ಎಂದರು. ಆಮೇಲೆ ಬಾಳೆಹಣ್ಣು ಕೊಟ್ಟು, ಅದರ ಸಿಪ್ಪೆಯನ್ನೂ ತಾವೇ ಸುಲಿದುಕೊಟ್ಟು ಹೋದರು. ಬಂದವರೆಲ್ಲ ವಿಧಿ, ಗ್ರಹಚಾರ ಎಂದು ನನ್ನನ್ನು ತಪ್ಪಿನಿಂದ ಪಾರುಮಾಡುತ್ತಿದ್ದಾಗ, ಪಾರುಮಾಡದೆ ಹೋದವರು ಅವರೊಬ್ಬರೇ. ಆ ಬೈಗುಳಕ್ಕೆ ನಾನು ಹೆಚ್ಚು ಋಣಿ. ಅವರ ಮಾತಿನ ಮೇಲೆ ಈಗ ಶೆಡ್ಡಿನಲ್ಲಿ ಒಂದು ಪದ್ಧತಿ ಬಂದಿದೆ: ಉಕ್ಕಿನ ಪಟ್ಟಿ ಕಳಚಿದವರು ಯಂತ್ರದ ಪ್ಲಗ್ಗಿಗೆ ಕೆಂಪು ಬಟ್ಟೆ ಕಟ್ಟಬೇಕು. ಪಟ್ಟಿ ಮರಳಿ ಕೂರುವವರೆಗೆ ಆ ಗಂಟು ಬಿಚ್ಚುವಂತಿಲ್ಲ.

ಮನೆಯಲ್ಲಿ ನನ್ನ ಅವಸ್ಥೆ ಬೇರೆ. ಅಂಗಿಯ ಗುಂಡಿ ಬೇಡವೆಂದು ಬನಿಯನ್ನು, ಪ್ಯಾಂಟು ಬೇಡವೆಂದು ಪಂಚೆ ಎಂದು ತೀರ್ಮಾನಿಸಿದೆ. ಪಂಚೆ ಉಡಲು ಹತ್ತು ಬೆರಳೂ ಬೇಕು ಎಂಬ ಜ್ಞಾನ ಅರವತ್ತಾರರಲ್ಲಿ ಆಯಿತು. ಎರಡು ತಿಂಗಳು ಹೆಂಡತಿಯೇ ಉಡಿಸಿದಳು. ಮನೆಯ ಅಟ್ಟದ ಮೇಲಿದ್ದ ನನ್ನ ಉಳಿ, ಕೀಸುಳಿಗಳನ್ನು ಮಾರಿಬಿಡಿ ಎಂದು ನೆಂಟರು ಬಂದಾಗಲೆಲ್ಲ ಹೇಳುತ್ತಿದ್ದರು. ಅವಳು ಹೇಳಲಿಲ್ಲ. ಜುಲೈಯಲ್ಲಿ ಒಂದು ದಿನ ನೋಡಿದರೆ, ಮಳೆಯ ತೇವಕ್ಕೆ ತುಕ್ಕು ಹಿಡಿಯದಿರಲೆಂದು ಅವಳು ಎಲ್ಲಕ್ಕೂ ತೆಂಗಿನೆಣ್ಣೆ ಸವರಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದಳು. ಅದನ್ನು ನಾನು ಕಂಡೆ ಎಂದು ಅವಳಿಗೆ ಗೊತ್ತಿಲ್ಲ. ಈಗ ಗೊತ್ತಾಗುತ್ತದೆ.

ತಂತಿ ತೆಗೆದ ಮೇಲೆ ಬೆರಳು ಮಡಚುವ ವ್ಯಾಯಾಮ ಶುರುವಾಯಿತು. ವ್ಯಾಯಾಮ ಕಲಿಸುವ ತರುಣಿ ತಟ್ಟೆಯಲ್ಲಿ ಬಟಾಣಿ ಹರಡಿ ಒಂದೊಂದನ್ನೇ ಹೆಕ್ಕಿಸುತ್ತಿದ್ದರು. ನೋವಿಗಿಂತ ಬೇಸರವೇ ಹೆಚ್ಚು. ತುಳುವರ ಆಟಿ ತಿಂಗಳು ಬಂದಿತ್ತು, ಹೊರಗೆ ಜಡಿಮಳೆ. ಇದಕ್ಕಿಂತ ಚೆನ್ನೆಮಣೆಯಾದರೂ ಆಡಬಹುದಿತ್ತು ಎಂದು ಬಾಯಿತಪ್ಪಿ ಅಂದೆ. ನನ್ನನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು ಬಳಗದ ಇನ್ನೊಬ್ಬ ಗೆಳೆಯರು, ಬಸ್ ಕಂಡಕ್ಟರ್. ಅವರು ಆ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದರು. ಹತ್ತು ದಿನಕ್ಕೆ ಒಂದು ಚೆನ್ನೆಮಣೆ ಮನೆಗೆ ಬಂತು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಒಂದೊಂದೂ ಬಟ್ಟಲಿನಷ್ಟು ನುಣುಪು. ಜೊತೆಗೆ ಗುಳಿಗೆ ನಾಲ್ಕರಂತೆ ಐವತ್ತಾರು ಕೆಂಪು ಮಂಜೊಟ್ಟಿ ಕಾಯಿ.

ಮರದ ಬಣ್ಣ ನೋಡಿಯೇ ಗೊತ್ತಾಯಿತು, ಅದೇ ಹಲಗೆ. ಅದನ್ನು ಒಲೆಗೆ ಹಾಕೋಣ ಎಂದು ಕೆಲವರು ಹೇಳಿದ್ದರಂತೆ. ಹಲಸಿನ ಮರದಲ್ಲಿ ದೇವರ ಮೂರ್ತಿಯಾಗುತ್ತದೆ, ಯಕ್ಷಗಾನದ ಮದ್ದಳೆಯಾಗುತ್ತದೆ, ಒಬ್ಬರ ಅವಸರಕ್ಕೆ ಮರವನ್ನೇಕೆ ಸುಡಬೇಕು ಎಂದು ಆಚಾರ್ಯರು ತಡೆದರಂತೆ. ಕಲೆಯಾದ ಭಾಗ ಕತ್ತರಿಸಿ ತೆಗೆದು, ಉಳಿದದ್ದರಲ್ಲಿ ಗುಳಿ ತೋಡಿದವರು ಕಂಡಕ್ಟರ್. ಯಂತ್ರ ಮುಟ್ಟದೆ, ಬಾಗಿದ ಉಳಿ ಮತ್ತು ಕೊಡತಿಯಿಂದ, ಡ್ಯೂಟಿ ಮುಗಿಸಿ ಬಂದು ರಾತ್ರಿ ಹೊತ್ತು. ಕೊಡುವಾಗ ಅವರು ಹೇಳಿದ್ದು, "ಐದನೆಯ ಗುಳಿ ಸ್ವಲ್ಪ ಓರೆಯಾಗಿದೆ, ಬೇಜಾರು ಮಾಡಬೇಡಿ," ಎಂದು ಮಾತ್ರ. ಅಂದು ಹಳದಿಯಿದ್ದ ಮಣೆ ಈಗ ಬೆಳಕು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದೆ. ಓರೆಯಾದ ಗುಳಿಯೇ ನನ್ನ ಅದೃಷ್ಟದ ಗುಳಿ.

ಆಟದಲ್ಲಿ ನನ್ನ ಎದುರಾಳಿ ಎಂಬತ್ತೆಂಟರ ಅಮ್ಮ. ಕಾಯಿಗಳನ್ನು ಮುಷ್ಟಿಯಲ್ಲಿ ಬಾಚಿಕೊಂಡು ಒಂದೊಂದೇ ಗುಳಿಗೆ ಉದುರಿಸುತ್ತ ಹೋಗಬೇಕು. ನನ್ನ ನಡುಬೆರಳಿಗೂ ಹೆಬ್ಬೆರಳಿಗೂ ನಡುವೆ ಕಾಯಿ ನಿಲ್ಲದೆ ನೆಲಕ್ಕೆ ಉರುಳುತ್ತಿತ್ತು. ಅಮ್ಮ ಎಂದೂ ಹೆಕ್ಕಿಕೊಡಲಿಲ್ಲ, ಮಂಚದ ಕೆಳಗೆ ಹೋದದ್ದನ್ನೂ ನಾನೇ ಹೆಕ್ಕಬೇಕಿತ್ತು. ದಿನವೂ ಸೋಲಿಸಿದರು. ನನ್ನನ್ನು ನೋಡಲು ಬಂದ ತಂಗಿಯರಿಬ್ಬರು ಮಣೆ ಕಂಡು ಎದುರುಬದುರು ಕುಳಿತದ್ದೇ ತಡ, ಅಮ್ಮ ಗದರಿ ಎಬ್ಬಿಸಿದರು. ಸಿರಿಯ ಪಾಡ್ದನವೆಂಬ ತುಳು ಜನಪದ ಹಾಡಿನಲ್ಲಿ ಅಬ್ಬಗ ದಾರಗರೆಂಬ ಅವಳಿ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳಾಡಿ ಕೊಲೆಯವರೆಗೆ ಹೋದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆಟಿ ಮುಗಿದ ದಿನ, ಚೆನ್ನೆ ಆಡುವುದು ಆಟಿಯಲ್ಲಿ ಮಾತ್ರ ಎಂದು, ಅಮ್ಮ ಮಣೆಯನ್ನು ಅಟ್ಟಕ್ಕೆ ಏರಿಸಲು ಹೊರಟರು. ಇನ್ನೂ ಮೂರು ತಿಂಗಳ ವ್ಯಾಯಾಮ ಬಾಕಿ ಇದೆ ಎಂದೆ. ತುಸು ಹೊತ್ತು ಯೋಚಿಸಿ, "ಹಾಗಾದರೆ ಇದು ಆಟ ಅಲ್ಲ, ಮದ್ದು," ಎಂದು ಮತ್ತೆ ಕುಳಿತರು. ಮದ್ದಿನಲ್ಲೂ ಸೋಲಿಸಿದರು. ನವೆಂಬರಿನಲ್ಲಿ ಒಮ್ಮೆ ನಾನು ಗೆದ್ದೆ. ಬೇಕೆಂದೇ ಸೋತರೋ ಏನೋ, ಕೇಳುವ ಧೈರ್ಯವಾಗಲಿಲ್ಲ.

ಬಳಗದವರು ಒಟ್ಟುಮಾಡಿ ತಂದುಕೊಟ್ಟ 38,000 ರೂಪಾಯಿಯ ಲೆಕ್ಕವನ್ನೂ ಒಪ್ಪಿಸಬೇಕು. ಆಸ್ಪತ್ರೆಯ ಖರ್ಚಿನ ಬಹುಪಾಲು ವಿಮೆಯಲ್ಲಿ ಸಂದಾಯವಾದ್ದರಿಂದ ಆ ಹಣ ಉಳಿಯಿತು. ಎಲ್ಲರನ್ನೂ ಕೇಳಿಯೇ ಅದರಿಂದ ಶೆಡ್ಡಿಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮರದ ತೇವ ಅಳೆಯುವ ಮೀಟರು ಮತ್ತು ಒಂದು ಸಣ್ಣ ಫ್ರಿಜ್ ತೆಗೆದುಕೊಂಡೆವು. ಫ್ರಿಜ್ಜಿನಲ್ಲಿ ಈಗ ಐಸಿಗಿಂತ ಪುನರ್ಪುಳಿ ಶರಬತ್ತಿನ ಬಾಟಲಿಗಳೇ ಹೆಚ್ಚು. ಇರಲಿ.

ಎಂಟು ತಿಂಗಳ ಮೇಲೆ ಸ್ವಿಚ್ಚು ಒತ್ತಿದ ಆ ಭಾನುವಾರ ನಾನು ಕೊಯ್ದದ್ದು ಹೆಬ್ಬಲಸಿನ ಹಲಗೆ. ದೋಣಿ ಕಟ್ಟಲು ಬಳಸುವ ಮರ, ನೀರಿಗೆ ಜಗ್ಗುವುದಿಲ್ಲ. ಎರಡು ವಾರ ಕೂತು ಅದರಿಂದ ಒಂದು ಗಿಡ್ಡ ಸ್ಟೂಲು ಮಾಡಿದೆ. ಕೊಯ್ಯುವಾಗ ಹುಡುಗಿ ಮೇನ್ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದಳು. ಕೀಸುಳಿ ಹಿಡಿಯುವ ಹೊಸ ಬಗೆಯನ್ನು ಆಚಾರ್ಯರು ನನ್ನ ಮೊಂಡು ಬೆರಳಿಗೆ ಹೊಂದುವಂತೆ ಹೇಳಿಕೊಟ್ಟರು. ಮೊನ್ನೆ ಸ್ಟೂಲನ್ನು ರಸ್ತೆಯ ಮೂಲೆಗೆ ಒಯ್ದು ಮೀನಿನ ಅಕ್ಕನ ಮುಂದಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ನನ್ನ ಕೈಯನ್ನೂ ಹಿಡಿದು ತಿರುಗಿಸಿ ನೋಡಿದರು. ಕೂತರು. ಒಮ್ಮೆ ಆಚೆ, ಒಮ್ಮೆ ಈಚೆ ವಾಲಿದರು.

"ಅಣ್ಣಾ, ಒಂದು ಕಾಲು ಗಿಡ್ಡ ಉಂಟಲ್ಲ?"

ನಿಜ. ನೂಲಿನೆಳೆಯಷ್ಟು. ಬರುವ ಭಾನುವಾರ ತಂದು ಸರಿಮಾಡುತ್ತೇನೆ ಎಂದು ಹೇಳಿ ಬಂದಿದ್ದೇನೆ. ಅಲ್ಲಿಯವರೆಗೆ ಆ ಕಾಲಿನ ಕೆಳಗೆ ಒಂದು ರಟ್ಟಿನ ತುಂಡು ಇಟ್ಟುಕೊಂಡು ಅದರಲ್ಲೇ ಕೂರುತ್ತಿದ್ದಾರೆ.